ಪಕ್ಕದ ಸೀಟಿನ ಮೇಷ್ಟ್ರು

ಮಸ್ಕತ್ತಿಗೆ ಬಂದು ಆರು ತಿಂಗಳಾದ ಮೇಲೆ ಡ್ರೈವಿಂಗ್ ಕಲಿಯೋಕೆ ಶುರು ಮಾಡಿದೆ. ಊರಲ್ಲಿದ್ದಾಗ ಬೈಕು, ಬೆಂಗಳೂರಲ್ಲಿ ಬಿಎಂಟಿಸಿ. ಇಪ್ಪತ್ತೇಳು ವರ್ಷ ತುಂಬಿದರೂ ಕಾರಿನ ಸ್ಟೀರಿಂಗ್ ಮುಟ್ಟಿದವನಲ್ಲ. ಆದರೆ ಇಲ್ಲಿ ಕಾರಿಲ್ಲ ಅಂದರೆ ಕಾಲೇ ಇಲ್ಲ ಅಂದ ಹಾಗೆ. ಜೂನ್ ತಿಂಗಳ ಮಧ್ಯಾಹ್ನ ಅಲ್ ಖುವೈರ್‌ನಲ್ಲಿ ಒಂದು ಕಿಲೋಮೀಟರ್ ನಡೆದು ನೋಡಿ, ಆಮೇಲೆ ಮಾತಾಡೋಣ.

ಒಮಾನಿನಲ್ಲಿ ಡ್ರೈವಿಂಗ್ ಕಲಿಸುವವರು ಹೆಚ್ಚಾಗಿ ಸ್ವಂತ ಕಾರಿಟ್ಟುಕೊಂಡ ಒಬ್ಬೊಬ್ಬರೇ ಮೇಷ್ಟ್ರುಗಳು. ನನ್ನ ಉಸ್ತಾದ್ ಐವತ್ತು ದಾಟಿದ ಒಮಾನಿ. ಹಿಂದಿ ನನಗಿಂತ ಚೆನ್ನಾಗಿ ಮಾತಾಡ್ತಿದ್ದರು. ಡ್ರಮ್ಮುಗಳ ಮಧ್ಯೆ ಕಾರನ್ನು ಹಿಂದಕ್ಕೆ ತಂದು ನಿಲ್ಲಿಸುವ ಪರೀಕ್ಷೆ ಪಾಸಾಯ್ತು, ಏರಿನಲ್ಲಿ ನಿಲ್ಲಿಸಿ ಹೊರಡುವ ಪರೀಕ್ಷೆಯೂ ಪಾಸಾಯ್ತು. ಕೊನೆಯ ರೋಡ್ ಟೆಸ್ಟ್‌ನಲ್ಲಿ ಮಾತ್ರ ಪೊಲೀಸ್ ಅಧಿಕಾರಿ ಮೂರೇ ನಿಮಿಷದಲ್ಲಿ ಇಳಿಸಿಬಿಟ್ಟರು. ರೌಂಡ್‌ಅಬೌಟ್‌ಗೆ ತೀರಾ ಜೋರಾಗಿ ನುಗ್ಗಿದ್ದೆ.

ಆವತ್ತು ವಾಪಸ್ ಬರುವಾಗ ಉಸ್ತಾದ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಪ್ಪು ನಿನ್ನದಲ್ಲ, ನನ್ನದು" ಅಂದರು. ಅವರ ಕಾಲಿನ ಕೆಳಗೆ ಇನ್ನೊಂದು ಬ್ರೇಕ್ ಇರುತ್ತೆ. ಮೂರು ವಾರದಿಂದ ಪ್ರತಿ ರೌಂಡ್‌ಅಬೌಟ್‌ನಲ್ಲೂ ನಾನು ಬ್ರೇಕ್ ಹಾಕುವ ಮೊದಲೇ ಅವರು ಮೆಲ್ಲಗೆ ಒತ್ತಿಬಿಡುತ್ತಿದ್ದರಂತೆ. ನಾನೋ, ಎಷ್ಟು ಚೆನ್ನಾಗಿ ಓಡಿಸ್ತೀನಿ ಅಂದುಕೊಂಡಿದ್ದೆ! ಮಾರನೇ ದಿನದಿಂದ ಅವರು ಕಾಲನ್ನು ಹಿಂದಕ್ಕೆಳೆದುಕೊಂಡು ಕೂತರು. ಹಣೆಯಲ್ಲಿ ಬೆವರು ಕಾಣುತ್ತಿತ್ತು, ಎಸಿ ಇದ್ದರೂ.

ಇದೆಲ್ಲ ಯಾಕೆ ಹೇಳ್ತಿದ್ದೀನಿ ಅಂದರೆ, ಅದೇ ವಾರ ಊರಿಂದ ಚಿಕ್ಕಪ್ಪನ ಫೋನ್ ಬಂತು.

"ಮಾರಾಯ, ಇವನಿಗೆ ವಿಮಾನದ ಹುಚ್ಚು ಹಿಡಿದಿದೆ. ಪೈಲಟ್ ಆಗ್ತಾನಂತೆ. ನಲವತ್ತು ಲಕ್ಷದ ಮೇಲೆ ಬೇಕಂತೆ. ತೋಟದ ಮೇಲೆ ಸಾಲ ತೆಗೀಬಹುದು, ಆದ್ರೂ ಸಾಲಲ್ಲ. ನೀನು ಸ್ವಲ್ಪ ಕೊಡೋಕಾಗುತ್ತಾ? ಕೊಡೋದು ಆಮೇಲಿರಲಿ, ಯಾವ ಸ್ಕೂಲು ಒಳ್ಳೇದು ಅಂತ ಮೊದ್ಲು ನೋಡಿ ಹೇಳು."

ಅಡಿಕೆ ತೋಟ ಅಡ ಇಡೋದು ಅಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಫೋನಿನ ಹಿಂದಿನಿಂದ ಚಿಕ್ಕಮ್ಮನ ದನಿ ಕೇಳಿಸ್ತು: "ಕಲಿಸೋರು ಹೆಂಗಿದಾರೆ ಅಂತ ಕೇಳಿ, ಬಿದ್ದುಗಿದ್ದು ಹೋದ್ರೆ?"

ನಾನು ಅಂತರ್ಜಾಲ ಜಾಲಾಡಿದೆ. ಎಲ್ಲ ಸ್ಕೂಲುಗಳೂ ಎಷ್ಟು ವಿಮಾನ ಇವೆ, ಎಷ್ಟು ಜನಕ್ಕೆ ಕೆಲಸ ಸಿಕ್ಕಿದೆ, ಹಾಸ್ಟೆಲ್‌ನಲ್ಲಿ ವೈಫೈ ಇದೆಯಾ ಅಂತೆಲ್ಲ ಹೇಳ್ತವೆ. ಚಿಕ್ಕಮ್ಮ ಕೇಳಿದ ಪ್ರಶ್ನೆಗೆ ಮಾತ್ರ ಎಲ್ಲೂ ಉತ್ತರ ಇರಲಿಲ್ಲ.

ಹುಡುಕಿದರೆ ದೇವರೂ ಸಿಗ್ತಾನೆ ಅಂತಾರಲ್ಲ, ಹಾಗೆ ಇಲ್ಲೇ ರಾಜ್ಯೋತ್ಸವದ ಕಾರ್ಯಕ್ರಮವೊಂದರಲ್ಲಿ ಬಿಸಿಬೇಳೆ ಬಾತಿನ ಸಾಲಿನಲ್ಲಿ ಒಬ್ಬ ಹಿರಿಯರು ಸಿಕ್ಕರು. ಮಗಳ ಮನೆಗೆ ಬಂದಿದ್ದವರು. ಜೀವನದ ಬಹುಪಾಲು ಹುಡುಗರಿಗೆ ವಿಮಾನ ಹಾರಿಸೋದನ್ನು ಕಲಿಸಿ ನಿವೃತ್ತರಾದವರು. ಹೆಸರು ಹಾಕಬೇಡ ಅಂದಿದ್ದಾರೆ, ಅದಕ್ಕೆ ಕ್ಯಾಪ್ಟನ್ ಅಂತಷ್ಟೇ ಕರೀತೀನಿ. ಆಮೇಲೆ ಮೂರು ಶುಕ್ರವಾರ ಗುಬ್ರಾದ ಒಂದು ಕರಕ್ ಚಹಾದ ಅಂಗಡಿ ಮುಂದೆ ಅವರ ತಲೆ ತಿಂದೆ.

ನನ್ನ ಉಸ್ತಾದರ ಕಥೆ ಹೇಳಿದಾಗ ಕ್ಯಾಪ್ಟನ್ ಜೋರಾಗಿ ನಕ್ಕರು. "ನಿಮ್ಮ ಉಸ್ತಾದ್ ಕೂತ ಜಾಗದಲ್ಲೇ ನಾನೂ ಮೂವತ್ತು ವರ್ಷ ಕೂತೆ ಕಣಯ್ಯಾ!" ನಿಜ. ಸೆಸ್ನಾದಂಥ ಸಣ್ಣ ವಿಮಾನದಲ್ಲಿ ವಿದ್ಯಾರ್ಥಿ ಎಡಗಡೆ, ಮೇಷ್ಟ್ರು ಬಲಗಡೆ. ಒಮಾನಿನ ಕಾರಿನಲ್ಲೂ ಅದೇ ಥರ. ಇಬ್ಬರ ಮುಂದೆಯೂ ಒಂದೊಂದು ಕಂಟ್ರೋಲ್, ಇಬ್ಬರ ಕಾಲ ಬಳಿಯೂ ರಡ್ಡರ್ ಪೆಡಲ್. ಒಂದು ಎಳೆದರೆ ಇನ್ನೊಂದೂ ಅಲ್ಲಾಡುತ್ತೆ.

"ಹುಡುಗ ತಪ್ಪು ಮಾಡ್ತಾನೆ. ನೀನು ತಕ್ಷಣ ಸರಿ ಮಾಡಿದ್ರೆ ಅವನು ಕಲಿಯೋದಿಲ್ಲ. ತಡ ಮಾಡಿದ್ರೆ ಇಬ್ರೂ ಇರೋದಿಲ್ಲ. ಇವೆರಡರ ಮಧ್ಯೆ ಇರೋ ಎರಡು ಸೆಕೆಂಡಿಗೇ ನಮಗೆ ಸಂಬಳ ಕೊಡೋದು" ಅಂದರು.

ಇಳಿಯುವಾಗ ನೆಲಕ್ಕಿಂತ ಕೆಲವೇ ಅಡಿ ಮೇಲೆ ವಿಮಾನದ ಮೂತಿಯನ್ನು ಮೆಲ್ಲಗೆ ಎತ್ತಿ ವೇಗ ಕಳೆಯಬೇಕು. ಹೊಸಬರು ಒಂದೋ ಬೇಗ ಎತ್ತುತ್ತಾರೆ, ಇಲ್ಲ ಜೋರಾಗಿ ಎತ್ತುತ್ತಾರೆ. ಆಗ ವಿಮಾನ ತೇಲಿ, ರೆಕ್ಕೆಗೆ ಎತ್ತುವ ಶಕ್ತಿ ಸಾಲದೆ ಧೊಪ್ ಅಂತ ಬೀಳುತ್ತೆ. ಆ ಹೊತ್ತಿನಲ್ಲಿ ಕ್ಯಾಪ್ಟನ್ ಬಲಗೈಯನ್ನು ತೊಡೆ ಮೇಲೆ ಸುಮ್ಮನೆ ಇಟ್ಟಂತೆ ಇಟ್ಟು, ಬೆರಳುಗಳನ್ನು ಕಂಟ್ರೋಲ್‌ನಿಂದ ಒಂದಂಗುಲ ದೂರದಲ್ಲಿ ಇಟ್ಟುಕೊಳ್ತಿದ್ದರಂತೆ. ಹುಡುಗನಿಗೆ ಅದು ಕಾಣಬಾರದು. ಕಂಡರೆ 'ಇವರು ಹಿಡ್ಕೊಳ್ತಾರೆ ಬಿಡು' ಅಂತ ಅವನ ಮನಸ್ಸು ಸಡಿಲ ಆಗಿಬಿಡುತ್ತೆ. ರೌಂಡ್‌ಅಬೌಟ್‌ನಲ್ಲಿ ನನಗಾದದ್ದೂ ಅದೇ ತಾನೆ?

ಇನ್ನೊಂದು ವಿಷಯ ನನಗೆ ಬಹಳ ಇಷ್ಟವಾಯ್ತು. ವಿಮಾನ ಈಗ ಯಾರ ಕೈಯಲ್ಲಿದೆ ಅನ್ನೋದರಲ್ಲಿ ಅನುಮಾನಕ್ಕೆ ಜಾಗವೇ ಇರಬಾರದು. ಅದಕ್ಕೆ ಬಾಯಿಬಿಟ್ಟು ಹೇಳೋ ಕ್ರಮ ಇದೆ. ಕೊಡುವವನು 'ಯೂ ಹ್ಯಾವ್ ಕಂಟ್ರೋಲ್' ಅನ್ನಬೇಕು, ತಗೊಳ್ಳುವವನು 'ಐ ಹ್ಯಾವ್ ಕಂಟ್ರೋಲ್' ಅನ್ನಬೇಕು. ಅಮೆರಿಕದಲ್ಲಿ ಕೊಟ್ಟವನು ಮತ್ತೊಮ್ಮೆ ಹೇಳಿ ಖಚಿತ ಮಾಡೋದನ್ನೂ ಸೇರಿಸಿ ಮೂರು ಹಂತ ಕಲಿಸ್ತಾರೆ. ಇದೇನು ಮಕ್ಕಳಾಟ ಅನಿಸಬಹುದು. ಆದರೆ ಅವನು ಹಿಡಿದಿದ್ದಾನೆ ಅಂತ ಇವನು, ಇವನು ಹಿಡಿದಿದ್ದಾನೆ ಅಂತ ಅವನು ಸುಮ್ಮನಿದ್ದು ಕೆಟ್ಟ ವಿಮಾನಗಳುಂಟು. ನಮ್ಮ ಸಾಫ್ಟ್‌ವೇರ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 'ಅವನು ನೋಡ್ತಾನೆ ಅಂದ್ಕೊಂಡೆ' ಅನ್ನೋ ವಾಕ್ಯ ಕೇಳದ ಆಫೀಸು ಯಾವುದಿದೆ ಹೇಳಿ?

ಮೇಷ್ಟ್ರು 'ಐ ಹ್ಯಾವ್ ಕಂಟ್ರೋಲ್' ಅಂದ ತಕ್ಷಣ ಹುಡುಗ ಕೈ ಬಿಡಲೇಬೇಕು. ವಾದ ಮಾಡೋದಿದ್ದರೆ ನೆಲದ ಮೇಲೆ. ಇದನ್ನು ಮೊದಲ ದಿನವೇ, ಎಂಜಿನ್ ಹಚ್ಚುವ ಮೊದಲೇ ಹೇಳಿ ಅಭ್ಯಾಸ ಮಾಡಿಸಬೇಕಂತೆ. ಹೆದರಿದ ಮನುಷ್ಯ ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡ್ಕೊಳ್ತಾನೆ, ಮುಳುಗುವವನು ಹಿಡಿದ ಹಾಗೆ. ಮೇಲೆ ಹೋದ ಮೇಲೆ ಬಿಡಿಸೋಕೆ ಹೋದರೆ ಕಷ್ಟ.

ಎರಡನೇ ಶುಕ್ರವಾರ ಸೋಲೋ ಬಗ್ಗೆ ಕೇಳಿದೆ. ವಿದ್ಯಾರ್ಥಿ ಮೊದಲ ಸಲ ಒಬ್ಬನೇ ಹಾರುವ ದಿನ.

ಎಷ್ಟು ಗಂಟೆ ಕಲಿತ ಮೇಲೆ ಸೋಲೋ ಬಿಡ್ತೀರಿ ಸಾರ್ ಅಂದೆ. "ಗಂಟೆ ಲೆಕ್ಕ ಅಲ್ಲಪ್ಪ. ಮೂರು ಲ್ಯಾಂಡಿಂಗ್ ನಾನು ಬಾಯಿ ಬಿಡದೆ, ಕೈ ಅಲ್ಲಾಡಿಸದೆ ಕೂತಿರೋಕೆ ಆಯ್ತಾ ಅಂತ ನೋಡ್ತೀನಿ. ಆಮೇಲೆ ಅವನ ಲ್ಯಾಂಡಿಂಗ್ ಒಂದು ಕೆಡಲಿ ಅಂತ ಕಾಯ್ತೀನಿ. ಕೆಟ್ಟಾಗ ಹಟ ಮಾಡದೆ ಮತ್ತೆ ಮೇಲಕ್ಕೆ ಹೋಗ್ತಾನಾ? ಹೋದ್ರೆ ನಾನು ಇಳೀತೀನಿ."

ಇಳಿಯೋದು ಅಂದರೆ ನಿಜವಾಗಿಯೂ ಇಳಿಯೋದು. ಟ್ಯಾಕ್ಸಿವೇಯಲ್ಲಿ ನಿಲ್ಲಿಸಿ, ಬೆಲ್ಟ್ ಬಿಚ್ಚಿ, ಆ ಖಾಲಿ ಸೀಟಿನ ಬೆಲ್ಟು ಕಂಟ್ರೋಲ್‌ಗೆ ಸಿಕ್ಕಿಕೊಳ್ಳದ ಹಾಗೆ ಮತ್ತೆ ಬಿಗಿದು, ಬಾಗಿಲು ಹಾಕಿಕೊಂಡು ಹೊರಟುಬಿಡೋದು. ಹಿಂದಿನ ದಿನ ಹೇಳಿದರೆ ಹುಡುಗ ರಾತ್ರಿಯೆಲ್ಲ ನಿದ್ದೆ ಮಾಡಲ್ಲ ಅಂತ ಹೇಳೋದೂ ಇಲ್ಲ. ಆದರೆ ಒಂದು ಮಾತು ತಪ್ಪದೆ ಹೇಳಬೇಕು: "ನಾನಿಲ್ಲ ಅಂದ್ರೆ ವಿಮಾನ ಎಪ್ಪತ್ತು ಕಿಲೋ ಹಗುರ. ಬೇಗ ಏರುತ್ತೆ, ಇಳಿಯುವಾಗ ಜಾಸ್ತಿ ತೇಲುತ್ತೆ. ಗಾಬರಿ ಆಗಬೇಡ." ಈ ಒಂದು ವಾಕ್ಯ ಮರೆತರೆ ಹುಡುಗನಿಗೆ ಗೊತ್ತಿರುವ ವಿಮಾನ ಇದ್ದಕ್ಕಿದ್ದಂತೆ ಬೇರೆ ವಿಮಾನದ ಥರ ಆಡುತ್ತೆ.

ಆಮೇಲೆ ಮೇಷ್ಟ್ರು ರನ್‌ವೇ ಪಕ್ಕದ ಹುಲ್ಲಿನ ಮೇಲೆ ನಿಂತು ನೋಡೋದು. ಏಳೆಂಟು ನಿಮಿಷದ ಒಂದು ಸುತ್ತು. "ನನ್ನ ಮದುವೆ ದಿನವೂ ಅಷ್ಟು ಬೆವರಿಲ್ಲ" ಅಂದರು ಕ್ಯಾಪ್ಟನ್. ಹುಡುಗ ಇಳಿದ ಮೇಲೆ ತಲೆ ಮೇಲೆ ಬಕೆಟ್ ನೀರು ಸುರಿದು ಸಂಭ್ರಮ. ಅಮೆರಿಕದಲ್ಲಿ ಅಂಗಿಯ ಹಿಂಭಾಗ ಕತ್ತರಿಸಿ ಗೋಡೆಗೆ ಹಾಕ್ತಾರೆ. ಹಳೇ ಕಾಲದ ತೆರೆದ ವಿಮಾನಗಳಲ್ಲಿ ಮೇಷ್ಟ್ರು ಹಿಂದೆ ಕೂತು ಮುಂದಿನವನ ಅಂಗಿ ಜಗ್ಗಿ ಎಚ್ಚರಿಸ್ತಿದ್ದರು, ಇನ್ನು ಜಗ್ಗುವ ಅಗತ್ಯವಿಲ್ಲ ಅಂತ ಕತ್ತರಿಸೋದು ಅನ್ನೋದು ಕಥೆ.

ಕಾನೂನಿನಲ್ಲೂ ಈ ಭಾರ ಮೇಷ್ಟ್ರ ಸಹಿಯ ಮೇಲೇ ಇದೆ. ಅಮೆರಿಕದ ನಿಯಮದ ಪ್ರಕಾರ ಸೋಲೋಗೆ ಕೊಟ್ಟ ಸಹಿ 90 ದಿನಕ್ಕೆ ಮುಗಿದುಹೋಗುತ್ತೆ, ಆಮೇಲೆ ಮತ್ತೆ ನೋಡಿ ಸಹಿ ಹಾಕಬೇಕು. ಯಾರಿಗೆ ಸಹಿ ಕೊಟ್ಟೆ ಅನ್ನೋ ದಾಖಲೆಯನ್ನು ಮೇಷ್ಟ್ರು ಮೂರು ವರ್ಷ ಇಟ್ಟುಕೊಂಡಿರಬೇಕು. 24 ಗಂಟೆಯಲ್ಲಿ ಎಂಟು ಗಂಟೆಗಿಂತ ಹೆಚ್ಚು ಹಾರಾಟ ಕಲಿಸುವ ಹಾಗಿಲ್ಲ, ಯಾಕಂದ್ರೆ ದಣಿದ ಮೇಷ್ಟ್ರಿಗೆ ಆ ಎರಡು ಸೆಕೆಂಡು ಕಾಣೋದಿಲ್ಲ. ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಒಟ್ಟು 200 ಗಂಟೆ ಹಾರಿರಬೇಕು. ಆ ಒಂದೊಂದು ಗಂಟೆಯೂ ಲಾಗ್‌ಬುಕ್‌ನಲ್ಲಿ ಬರೆದಿರಬೇಕು.

ಲಾಗ್‌ಬುಕ್ ಅಂದಾಗ ಕ್ಯಾಪ್ಟನ್ ಮುಖ ಸ್ವಲ್ಪ ಗಂಭೀರವಾಯ್ತು. 2011ರಲ್ಲಿ ಭಾರತದಲ್ಲಿ ನಕಲಿ ದಾಖಲೆ ಕೊಟ್ಟು ಪೈಲಟ್ ಲೈಸೆನ್ಸ್ ಪಡೆದವರ ಹಗರಣ ಹೊರಬಂತು, ನಿಮಗೂ ನೆನಪಿರಬಹುದು. ಹಾರದ ಗಂಟೆಗಳನ್ನು ಹಾರಿದ್ದು ಅಂತ ಬರೆದುಕೊಟ್ಟ ಆರೋಪ ತರಬೇತಿ ಶಾಲೆಗಳ ಮೇಲೂ ಬಂತು. "ಹುಡುಗನ ಅಪ್ಪ ಸಾಲ ಮಾಡಿರ್ತಾನೆ. ಗಂಟೆಗೆ ಸಾವಿರಗಟ್ಟಲೆ. ಬೇಗ ಮುಗಿಸಿಕೊಡಿ ಅಂತ ಕಾಲಿಗೆ ಬೀಳ್ತಾರೆ. ಮೇಷ್ಟ್ರೂ ಎಷ್ಟೋ ಸಲ ಇಪ್ಪತ್ಮೂರು ವರ್ಷದ ಹುಡುಗನೇ, ಏರ್‌ಲೈನ್‌ಗೆ ಹೋಗೋಕೆ ಗಂಟೆ ಕೂಡಿಸ್ತಾ ಇರ್ತಾನೆ. ಇಬ್ಬರಿಗೂ ಅವಸರ. ಆ ಅವಸರದಲ್ಲಿ ಬರೆದ ಸುಳ್ಳು ಗಂಟೆಗೆ ಮುಂದೆ ಹಿಂದೆ ಕೂತ ನೂರೈವತ್ತು ಜನ ಬೆಲೆ ಕಟ್ಟಬೇಕಾಗುತ್ತೆ."

ಹಾರಬೇಡ ಅನ್ನೋದೂ ಮೇಷ್ಟ್ರ ಕೆಲಸವೇ. ಇಲ್ಲಿ ಒಮಾನಿನಲ್ಲಿ ಕೂತು ಅದು ನನಗೆ ಚೆನ್ನಾಗಿ ಅರ್ಥವಾಯ್ತು. ಬಿಸಿ ಗಾಳಿ ತೆಳು. ರೆಕ್ಕೆಗೆ ಹಿಡಿತ ಕಡಿಮೆ, ಎಂಜಿನ್ನಿಗೂ ಉಸಿರು ಕಡಿಮೆ. ಲೆಕ್ಕ ಸುಲಭ: ವಿಮಾನಶಾಸ್ತ್ರದಲ್ಲಿ ಸಮುದ್ರಮಟ್ಟದ ಉಷ್ಣತೆ 15 ಡಿಗ್ರಿ ಅಂತ ಇಟ್ಟುಕೊಂಡಿದ್ದಾರೆ. ಅದರ ಮೇಲಿನ ಪ್ರತಿ ಡಿಗ್ರಿಗೂ ಸುಮಾರು 120 ಅಡಿ ಸೇರಿಸಿ. ಮಸ್ಕತ್ತಿನ ಕಡಲ ತೀರದಲ್ಲಿ 40 ಡಿಗ್ರಿ ಇದ್ದರೆ ವಿಮಾನಕ್ಕೆ ಅದು 3,000 ಅಡಿ ಎತ್ತರ. ಅಂದರೆ ಸರಿಯಾಗಿ ಬೆಂಗಳೂರು! ಇನ್ನು 3,000 ಅಡಿ ಎತ್ತರದ ಬೆಂಗಳೂರಿನಲ್ಲೇ ಏಪ್ರಿಲ್ ಮಧ್ಯಾಹ್ನ ಮೂವತ್ತು ದಾಟಿದರೆ ವಿಮಾನ ತಾನು ಐದೂವರೆ ಸಾವಿರ ಅಡಿಯಲ್ಲಿದ್ದೀನಿ ಅಂದುಕೊಳ್ಳುತ್ತೆ. ಅದೇ ರನ್‌ವೇ, ಅದೇ ಎಂಜಿನ್, ಆದರೆ ಓಟ ಉದ್ದ, ಏರು ಮೆಲ್ಲಗೆ. ಇಲ್ಲಿನ ಕುರಿಯಾತ್‌ನಲ್ಲಿ 2018ರ ಜೂನ್ ಕೊನೆಯಲ್ಲಿ ಇಡೀ ದಿನದಲ್ಲಿ, ರಾತ್ರಿ ಸೇರಿ, ಉಷ್ಣತೆ 42.6 ಡಿಗ್ರಿಗಿಂತ ಕೆಳಗಿಳಿಯಲೇ ಇಲ್ಲ. ಅಂಥ ದಿನ ಬೆಳಗಿನ ಜಾವ ತಂಪಿರುತ್ತೆ ಅನ್ನೋ ಲೆಕ್ಕವೂ ಕೈಕೊಡುತ್ತೆ. ಇದನ್ನು ಪುಸ್ತಕದಲ್ಲಿ ಓದಿದ ಹುಡುಗ ಪರೀಕ್ಷೆ ಪಾಸಾಗಬಹುದು. ಪೆನ್ಸಿಲ್ ಕೊಟ್ಟು 'ಇವತ್ತಿನ ಲೆಕ್ಕ ಮಾಡು, ಆಮೇಲೆ ಹಾರ್ತೀಯೋ ಬಿಡ್ತೀಯೋ ನೀನೇ ಹೇಳು' ಅನ್ನೋ ಮೇಷ್ಟ್ರು ಸಿಕ್ಕಿದರೆ ಅದು ಮೈಗೆ ಹತ್ತುತ್ತೆ.

ಅಂದ್ಹಾಗೆ, ನಮ್ಮ ಜಕ್ಕೂರಿನ ಕಥೆ ನಿಮಗೆ ಗೊತ್ತಾ? ಬಳ್ಳಾರಿ ರಸ್ತೆಯಲ್ಲಿ ಏರ್‌ಪೋರ್ಟ್‌ಗೆ ಹೋಗುವಾಗ ನಾನು ನೂರು ಸಲ ನೋಡಿದ್ದೆ, ಒಳಗೇನಿದೆ ಅಂತ ಕೇಳಿರಲಿಲ್ಲ. ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಅಲ್ಲಿ 1948ರಷ್ಟು ಹಳೆಯದು. ಮೈಸೂರು ಮಹಾರಾಜರು ಕೊಟ್ಟ ಜಾಗ. ಮೊದಲ ದಿನಗಳಲ್ಲಿ ಶಾಲೆಯ ಹೊಣೆ ಹೊತ್ತಿದ್ದವರು ಕ್ಯಾಪ್ಟನ್ ವಿ. ಸುಂದರಂ, ಮಹಾರಾಜರ ವಿಮಾನ ಹಾರಿಸುತ್ತಿದ್ದವರು. ಆ ಶಾಲೆಯಲ್ಲಿ ಕಲಿತು ಹೊರಬಂದ ಮೊದಲ ಮಹಿಳೆ ಅವರ ಹೆಂಡತಿ ಉಷಾ ಸುಂದರಂ. ಅಲ್ಲಿಗೆ ನಿಲ್ಲಲಿಲ್ಲ. 1950ರ ಆಸುಪಾಸಿನಲ್ಲಿ ಮದರಾಸು ಸರ್ಕಾರ ಕೊಂಡ ಡಿ ಹ್ಯಾವಿಲೆಂಡ್ ಡವ್ ವಿಮಾನವನ್ನು ಗಂಡ ಹೆಂಡತಿ ಇಬ್ಬರೇ ಇಂಗ್ಲೆಂಡಿನಿಂದ ಮುಂಬಯಿಗೆ 27 ಗಂಟೆಯಲ್ಲಿ ಹಾರಿಸಿ ತಂದರು. ಉಷಾ ಅವರು ತೀರಿಕೊಂಡದ್ದು 2010ರಲ್ಲಿ.

ಈ ಕಥೆ ಕೇಳಿ ನಾನು, ಎಷ್ಟು ಚೆನ್ನಾಗಿದೆ ಸಾರ್ ಅಂದೆ. ಕ್ಯಾಪ್ಟನ್ ಬೇರೆಯದೇ ಯೋಚಿಸ್ತಿದ್ದರು. "ಮನೆಯವರಿಗೆ ಕಲಿಸೋದು ಎಷ್ಟು ಕಷ್ಟ ಗೊತ್ತೇನಯ್ಯಾ? ಪಕ್ಕದಲ್ಲಿ ನಿಮ್ಮವರೇ ಕೂತಿದ್ರೆ ಆ ಎರಡು ಸೆಕೆಂಡು ಕಾಯೋಕೆ ಕೈ ಕೇಳೋದಿಲ್ಲ. ನಾನು ನನ್ನ ಮಗಳಿಗೆ ಸ್ಕೂಟರ್ ಕೂಡ ಕಲಿಸ್ಲಿಲ್ಲ. ಪಕ್ಕದ ಮನೆ ಹುಡುಗಿ ಕಲಿಸಿದ್ಲು." ಅದೇ ಜಕ್ಕೂರಿನಲ್ಲಿ ಮುಂದೆ ಒಂದು ಕಾಲದಲ್ಲಿ ಮುಖ್ಯ ಬೋಧಕರಿಲ್ಲದೆ ತರಬೇತಿಯೇ ನಿಂತು ಹುಡುಗರು ಅರ್ಧಕ್ಕೆ ಸಿಕ್ಕಿಕೊಂಡಿದ್ದೂ ಉಂಟು. ವಿಮಾನ ಇದ್ದರೂ, ರನ್‌ವೇ ಇದ್ದರೂ, ಮೇಷ್ಟ್ರಿಲ್ಲದಿದ್ದರೆ ಅದು ಬರೀ ಮೈದಾನ.

ಈಗ ಕರ್ನಾಟಕದಲ್ಲಿ ಬೆಳಗಾವಿ, ಕಲಬುರಗಿ ವಿಮಾನ ನಿಲ್ದಾಣಗಳಲ್ಲೂ ಪೈಲಟ್ ತರಬೇತಿ ಬಂದಿದೆ. ಅಪಾಯದ ಮಾತನ್ನೂ ಬಿಡುವ ಹಾಗಿಲ್ಲ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನ ಹೊನ್ನಿಹಾಳದ ಹತ್ತಿರ ಹೊಲದಲ್ಲಿ ತುರ್ತಾಗಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು. ಎರಡೇ ದಿನ ಕಳೆದು, ಜೂನ್ 1ರಂದು, ವಾಯುಪಡೆಯ ಕಿರಣ್ ತರಬೇತಿ ವಿಮಾನ ಚಾಮರಾಜನಗರ ಜಿಲ್ಲೆಯಲ್ಲಿ ಬಿತ್ತು. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ವಿಮಾನ ಅದು, ಅಕ್ಕಪಕ್ಕ ಸೀಟು. ಇಬ್ಬರೂ ಸಮಯಕ್ಕೆ ಸರಿಯಾಗಿ ಹೊರಕ್ಕೆ ಹಾರಿ ಪ್ಯಾರಾಚೂಟಿನಲ್ಲಿ ಇಳಿದರು. ಅದೇ ವರ್ಷ ಡಿಸೆಂಬರ್ 4ರಂದು ತೆಲಂಗಾಣದ ತೂಪ್ರಾನ್ ಬಳಿ ಪಿಲಾಟಸ್ ಬಿದ್ದಾಗ ಮಾತ್ರ ಬೋಧಕರೂ ಕೆಡೆಟ್ಟೂ ಇಬ್ಬರೂ ಉಳಿಯಲಿಲ್ಲ.

ಪಿಲಾಟಸ್ ಬಂದದ್ದೇ ನಮ್ಮ ಎಚ್‌ಎಎಲ್‌ನ ದೀಪಕ್, ಅಂದರೆ ಎಚ್‌ಪಿಟಿ-32, ನಿಂತುಹೋದ ಜಾಗಕ್ಕೆ. ದೀಪಕ್‌ನಲ್ಲಿ ಹಾರುವಾಗಲೇ ಇಂಧನ ಎಂಜಿನ್ನಿಗೆ ತಲುಪದೆ ಎಂಜಿನ್ ನಿಂತುಬಿಡುವ ತೊಂದರೆ ಇತ್ತು. 17 ಅಪಘಾತಗಳಲ್ಲಿ 19 ಪೈಲಟ್‌ಗಳು ಹೋದರು. 2009ರ ಜುಲೈ 31ರಂದು ಇಬ್ಬರು ಅನುಭವಿ ಬೋಧಕರೇ ಬಿದ್ದು ಸತ್ತ ಮೇಲೆ ಆ ವಿಮಾನಗಳನ್ನು ನೆಲಕ್ಕಿಳಿಸಿದರು. ಇಬ್ಬರೂ ಕಲಿಸುವವರೇ, ಹೊಸಬನ ಕೈಯ ತಪ್ಪು ಅನ್ನೋ ನೆಪಕ್ಕೆ ಆವತ್ತು ಜಾಗವೇ ಇರಲಿಲ್ಲ. "ವಿಮಾನದಲ್ಲಿ ಏನೋ ಸರಿಯಿಲ್ಲ ಅನ್ನಿಸಿದ್ರೆ ಅದನ್ನ ದಪ್ಪಕ್ಷರದಲ್ಲಿ ಬರೆಯೋದೂ ಮೇಷ್ಟ್ರ ಜವಾಬ್ದಾರಿ. ಹುಡುಗ ಬರೆಯೋಲ್ಲ. ತನ್ನದೇ ತಪ್ಪು ಅಂದ್ಕೊಳ್ತಾನೆ" ಅಂದರು ಕ್ಯಾಪ್ಟನ್.

ಮೂರನೇ ಶುಕ್ರವಾರ ಮಾತು ಮಂಗಳೂರಿಗೆ ಬಂತು. ಗಲ್ಫ್‌ನಲ್ಲಿರುವ ಕನ್ನಡಿಗರು, ತುಳುವರು, ಬ್ಯಾರಿಗಳು ಕೂತ ಕಡೆ ವಿಮಾನದ ಮಾತು ಬಂದರೆ ಅಲ್ಲಿಗೆ ಬಂದೇ ಬರುತ್ತೆ. 2010ರ ಮೇ 22. ನಾನಾಗ ಹೈಸ್ಕೂಲ್ ಹುಡುಗ, ಬೇಸಿಗೆ ರಜೆ. ದುಬೈಯಿಂದ ಬಂದ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದವರು ಎಂಟು. ಟಿವಿ ಮುಂದೆ ನಮ್ಮಜ್ಜಿ ಊಟ ಬಿಟ್ಟು ಕೂತಿದ್ದು ಈಗಲೂ ಕಣ್ಣಿಗೆ ಕಟ್ಟಿದೆ.

ತನಿಖಾ ವರದಿ ಓದಿದರೆ ಎದೆ ಭಾರವಾಗುತ್ತೆ. ಕ್ಯಾಪ್ಟನ್ ಹಾರಾಟದ ನಡುವೆ ಒಂದೂವರೆ ಗಂಟೆಗೂ ಹೆಚ್ಚು ನಿದ್ದೆ ಮಾಡಿದ್ದರು. ವಿಮಾನ ಬರಬೇಕಾದ್ದಕ್ಕಿಂತ ಎತ್ತರದಲ್ಲಿ, ಜೋರಾಗಿ ಬರುತ್ತಿತ್ತು. ಸಹ ಪೈಲಟ್ 'ಗೋ ಅರೌಂಡ್', ಅಂದರೆ ಇಳಿಯೋದು ಬೇಡ, ಮತ್ತೆ ಮೇಲೆ ಹೋಗೋಣ ಅಂತ ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದು ಧ್ವನಿಮುದ್ರಿಕೆಯಲ್ಲಿದೆ. 8,033 ಅಡಿ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಸಹ ಪೈಲಟ್ ಹೊಸಬರಲ್ಲ, ಸಾವಿರಾರು ಗಂಟೆ ಹಾರಿದವರು. ಸರಿಯಾದ ಮಾತನ್ನೇ ಹೇಳಿದರು. ಆದರೆ ಕಂಟ್ರೋಲ್ ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ.

ಈಗ ಹೊರಗೆ ಕೂತು ಚಹಾ ಕುಡಿಯುತ್ತಾ ತೀರ್ಪು ಕೊಡೋದು ಸುಲಭ. ಕ್ಯಾಪ್ಟನ್ ತೀರ್ಪು ಕೊಡಲಿಲ್ಲ. "ದೊಡ್ಡವರಿಗೆ ಎದುರು ಮಾತಾಡಬಾರದು ಅಂತ ನಾವು ಮಕ್ಕಳಿಗೆ ಹಾಲು ಕುಡಿಸುವಾಗಲೇ ಕಲಿಸ್ತೀವಿ. ಆಮೇಲೆ ಕಾಕ್‌ಪಿಟ್‌ನಲ್ಲಿ ಕೂರಿಸಿ ಮಾತಾಡು ಅಂದ್ರೆ? ಅದನ್ನ ಮೊದಲ ಹತ್ತು ಗಂಟೆಯಲ್ಲೇ ಕಲಿಸಬೇಕು." ಅವರು ಏನು ಮಾಡ್ತಿದ್ದರು ಗೊತ್ತಾ? ಬೇಕಂತಲೇ ಸಣ್ಣ ತಪ್ಪು ಮಾಡ್ತಿದ್ದರು. ಹೇಳಬೇಕಾದ ಎತ್ತರ ಬಿಟ್ಟು ಇನ್ನೊಂದು ಹೇಳೋದು, ಚೆಕ್‌ಲಿಸ್ಟ್‌ನಲ್ಲಿ ಒಂದು ಸಾಲು ಹಾರಿಸೋದು. ಹುಡುಗ ಸುಮ್ಮನಿದ್ದರೆ ಆ ದಿನದ ಹಾರಾಟ ಎಷ್ಟೇ ಚೆನ್ನಾಗಿದ್ದರೂ ಫೇಲ್. "ಸಾರ್, ತಪ್ಪು" ಅಂದರೆ ಚಹಾ ಕೊಡಿಸ್ತಿದ್ದರು. ಬೈಯುವ ಮೇಷ್ಟ್ರುಗಳ ಹತ್ತಿರ ಕಲಿತ ಹುಡುಗರು ಚೆನ್ನಾಗಿ ಹಾರಿಸಬಹುದು, ಬಾಯಿ ಮಾತ್ರ ಬಿಡೋದಿಲ್ಲ ಅನ್ನೋದು ಅವರ ಅನುಭವ.

ಆವತ್ತು ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಕಾರಣ ವಿಮಾನ ಅಲ್ಲ.

ಕಳೆದ ವರ್ಷ ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹುಡುಗನೊಬ್ಬ ತನ್ನ ಕೋಡ್ ನೋಡಿ ಅಂತ ನನಗೆ ಕಳಿಸಿದ್ದ. ಗುರುವಾರ ಸಂಜೆ. ಇಲ್ಲಿ ಶುಕ್ರವಾರ, ಶನಿವಾರ ರಜೆ, ನಾನು ಸ್ನೇಹಿತರ ಜೊತೆ ವಾದಿ ಶಾಬ್‌ಗೆ ಹೊರಟಿದ್ದೆ. ಮೊದಲ ಎರಡು ಫೈಲ್ ನೋಡಿ ಅಪ್ರೂವ್ ಒತ್ತಿದೆ. ಭಾನುವಾರ ಬೆಳಿಗ್ಗೆ ಗಿರಾಕಿಗಳ ಬಿಲ್ಲುಗಳೆಲ್ಲ ತಪ್ಪಾಗಿ ಹೋಗಿದ್ದವು. ಮೀಟಿಂಗ್‌ನಲ್ಲಿ ಆ ಹುಡುಗನಿಗೆ ಎಲ್ಲರೆದುರು ಬೈದರು. ರಿವ್ಯೂ ಮಾಡಿದ್ದು ನಾನು ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವನೂ ಹೇಳಲಿಲ್ಲ. ಸರಿಯಾಗಿ ಅವತ್ತಿನಿಂದ ಅವನು ನನಗೆ 'ಸಾರ್' ಅನ್ನೋಕೆ ಶುರು ಮಾಡಿದ. ಮೊದಲು ಹೆಸರು ಹಿಡಿದು ಕರೀತಿದ್ದ.

ನನ್ನ ಸಹಿಯಿಂದ ಯಾರೂ ಸಾಯೋದಿಲ್ಲ, ನಿಜ. ಆದರೆ 'ಇವನು ರೆಡಿ' ಅಂತ ನಾನು ಹಾಕಿದ ಸಹಿ ಅದು. ಕ್ಯಾಪ್ಟನ್ ಮಾತು ಕೇಳಿದ ಮೇಲೆ ಭಾನುವಾರ ಹೋಗಿ ಅವನ ಹತ್ತಿರ ತಪ್ಪಾಯ್ತು ಅಂದೆ, ಮ್ಯಾನೇಜರ್‌ಗೂ ಹೇಳಿದೆ. ಮ್ಯಾನೇಜರ್‌ಗೆ ಆ ವಿಷಯ ಮರೆತೇಹೋಗಿತ್ತು. ಹುಡುಗನಿಗೆ ಮರೆತಿರಲಿಲ್ಲ.

ಸರಿ, ಚಿಕ್ಕಪ್ಪನ ಪ್ರಶ್ನೆಗೆ ಬರ್ತೀನಿ. ನಾನೂ ಕ್ಯಾಪ್ಟನ್ನೂ ಕೂತು ತಮ್ಮನಿಗೆ ಕೆಲವು ಪ್ರಶ್ನೆ ಬರೆದುಕೊಟ್ಟೆವು. ಸ್ಕೂಲಿಗೆ ಹೋಗಿ ಆಫೀಸಿನವರನ್ನಲ್ಲ, ಕಲಿಸುವವರನ್ನು ಕೇಳಬೇಕು ಅಂತ.

ಒಬ್ಬ ಮೇಷ್ಟ್ರಿಗೆ ಎಷ್ಟು ಹುಡುಗರು? ಮಧ್ಯದಲ್ಲಿ ಮೇಷ್ಟ್ರು ಎಷ್ಟು ಸಲ ಬದಲಾಗ್ತಾರೆ? ಹಾರುವ ಮೊದಲು, ಇಳಿದ ಮೇಲೆ ಕೂರಿಸಿಕೊಂಡು ಎಷ್ಟು ಹೊತ್ತು ಮಾತಾಡ್ತಾರೆ? ಹಿಂದಿನ ವಾರ ಹವೆ ಸರಿಯಿಲ್ಲ ಅಂತ ಎಷ್ಟು ಹಾರಾಟ ರದ್ದಾಯ್ತು, ರದ್ದು ಮಾಡಿದ್ದು ಯಾರು? ವಿಮಾನದಲ್ಲಿ ದೋಷ ಬರೆದರೆ ರಿಪೇರಿ ಆಗೋವರೆಗೆ ನಿಲ್ಲಿಸ್ತಾರಾ? ಸೋಲೋಗೆ ಇನ್ನೂ ರೆಡಿ ಇಲ್ಲ ಅಂತ ಯಾರನ್ನಾದರೂ ತಡೆದದ್ದುಂಟಾ? ಕೊನೆಗೆ, ಒಂದಿಡೀ ದಿನ ಸುಮ್ಮನೆ ಕೂತು ನೋಡೋಕೆ ಬಿಡ್ತೀರಾ?

ತಮ್ಮ ಎರಡು ಕಡೆ ಹೋಗಿ ಬಂದ. ಒಂದು ಕಡೆ ಎಸಿ ರೂಮಿನಲ್ಲಿ ಕೂರಿಸಿ ವಿಡಿಯೋ ತೋರಿಸಿ, ಈ ತಿಂಗಳು ಸೇರಿದರೆ ರಿಯಾಯಿತಿ ಅಂದರಂತೆ. ಮೇಷ್ಟ್ರು ಬಿಜಿ, ಸಿಗಲಿಲ್ಲ. ಇನ್ನೊಂದು ಕಡೆಯಿಂದ ಸಂಜೆ ಫೋನ್ ಮಾಡಿದವನ ದನಿಯಲ್ಲಿ ಬೇಜಾರು. "ಅಣ್ಣ, ಬೆಳಿಗ್ಗೆ ಆರಕ್ಕೇ ಹೋಗಿ ಕೂತಿದ್ದೆ. ಒಂದೂ ಹಾರ್ಲಿಲ್ಲ ಇವತ್ತು."

ಯಾಕಂತೆ ಅಂದೆ.

"ಅಡ್ಡ ಗಾಳಿ ಅಂತೆ. ಹುಡುಗ್ರೆಲ್ಲ ಗೊಣಗ್ತಾ ಇದ್ರು, ಒಬ್ಬನದು ಇನ್ನು ಹತ್ತೇ ಗಂಟೆ ಬಾಕಿಯಂತೆ, ಸಾರ್ ಸಾರ್ ಅಂತ ಹಿಂದೆ ಬಿದ್ದಿದ್ದ. ಆ ಮೇಡಂ ಅವನನ್ನೂ ನನ್ನನ್ನೂ ಕರ್ಕೊಂಡು ಹೋಗಿ ಗಾಳಿಚೀಲದ ಕೆಳಗೆ ಬಿಸಿಲಲ್ಲಿ ನಿಲ್ಲಿಸಿ ಅರ್ಧ ಗಂಟೆ ಲೆಕ್ಕ ಹೇಳಿಕೊಟ್ರು. ಗಾಳಿ ಎಷ್ಟು, ಯಾವ ಕೋನ, ಅಡ್ಡಕ್ಕೆ ಎಷ್ಟು ಬೀಳುತ್ತೆ, ಈ ವಿಮಾನ ಎಷ್ಟು ತಡೆಯುತ್ತೆ, ಇವನು ಎಷ್ಟು ತಡೀತಾನೆ ಅಂತ. ಕೊನೆಗೆ ಅವನೇ, ಬೇಡ ಮೇಡಂ ನಾಳೆ ಹೋಗ್ತೀನಿ ಅಂದ."

ಕ್ಯಾಪ್ಟನ್‌ಗೆ ಫೋನ್ ಮಾಡಿ ಇದನ್ನು ಹೇಳಿದೆ. ಅವರು ಆಗಲೇ ಬೆಂಗಳೂರಿಗೆ ವಾಪಸ್ ಹೋಗಿದ್ದರು. ಒಂದೇ ಮಾತು ಕೇಳಿದರು: "ಅವನಿಗೆ ಬೇಜಾರಾಯ್ತಾ?" ಹೌದು ಸಾರ್, ತುಂಬಾ ಅಂದೆ. "ಒಳ್ಳೇದು. ಇನ್ನೂ ಬೇಕಾದಷ್ಟು ದಿನ ಹಾಗೇ ಕೂತಿರ್ಬೇಕಾಗುತ್ತೆ ಅಂತ ಹೇಳು. ಅದಕ್ಕೂ ಮನಸ್ಸಿದ್ರೆ ಸೇರ್ಲಿ."

ತಮ್ಮ ಎರಡು ದಿನ ಯೋಚನೆ ಮಾಡಿ, ಸೇರ್ತೀನಿ ಅಂದ. ಚಿಕ್ಕಮ್ಮ ನನ್ನ ಹತ್ತಿರ ಫೋನಿನಲ್ಲಿ, "ಆ ಮೇಡಂ ಹತ್ರ ನಾನೂ ಒಂದ್ಸಲ ಮಾತಾಡ್ಬೇಕು ಕಣೋ" ಅಂದಿದ್ದಾರೆ. ಮಾತಾಡಿ ಅಂದೆ. ನಿನ್ನೆ ಆಫೀಸಿಂದ ಬರುವಾಗ ರುವಿಯಲ್ಲಿ ಎಕ್ಸ್‌ಚೇಂಜ್ ಮುಂದೆ ಕಾರು ನಿಲ್ಲಿಸಿ ನನ್ನ ಪಾಲಿನ ಮೊದಲ ಕಂತು ಕಳಿಸಿದೆ.

ಹೌದು, ಕಾರು. ಎರಡನೇ ಸಲ ರೋಡ್ ಟೆಸ್ಟ್ ಪಾಸಾಯ್ತು. ರೌಂಡ್‌ಅಬೌಟ್ ಬಂದಾಗ ಮಾತ್ರ ಈಗಲೂ ಒಂದು ಸಲ ಬಲಗಡೆ ಖಾಲಿ ಸೀಟು ನೋಡಿ, ಆಮೇಲೆ ನಾನೇ ಬ್ರೇಕ್ ಒತ್ತುತ್ತೀನಿ.